ದೊಡ್ಡ ಆರ್‌ಸಿ ಏರೋಬ್ಯಾಟಿಕ್ ವಿಮಾನದ ಎಂಜಿನ್: ಥ್ರಾಟಲ್ ಕೊಟ್ಟಾಗ ಒಳಗೆ ಏನಾಗುತ್ತದೆ?

ಹನ್ನೊಂದು ಹನ್ನೆರಡು ಕಿಲೋ ತೂಕದ, ರಿಮೋಟ್‌ನಿಂದ ಹಾರಿಸುವ (ಆರ್‌ಸಿ) ಒಂದು ಮಾದರಿ ವಿಮಾನ ಮೂಗು ಮೇಲೆ ಮಾಡಿಕೊಂಡು ಗಾಳಿಯಲ್ಲಿ ಸುಮ್ನೆ ನಿಂತಿದೆ. ರೆಕ್ಕೆಗಳಿಗೆ ಈಗ ಕೆಲಸವೇ ಇಲ್ಲ. ಪೂರ್ತಿ ಭಾರವನ್ನು ಪ್ರೊಪೆಲ್ಲರ್ ಒಂದೇ ಹೊತ್ತಿದೆ. ಇದಕ್ಕೆ ಹೋವರ್ ಅಂತಾರೆ. ನೋಡುವವರಿಗೆ ವಿಮಾನ ಅಲ್ಲಾಡದೆ ನಿಂತಂತೆ ಕಂಡರೂ ಪೈಲಟ್‌ನ ಎಡಗೈ ಹೆಬ್ಬೆರಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಥ್ರಾಟಲ್ (ಬೈಕಿನ ಆಕ್ಸಿಲರೇಟರ್ ಇದ್ದ ಹಾಗೆ) ಚೂರು ಮೇಲೆ, ಚೂರು ಕೆಳಗೆ, ಮತ್ತೆ ಮೇಲೆ. ಈ ಹೊತ್ತಿನಲ್ಲಿ ಎಂಜಿನ್ ಅರ್ಧ ಸೆಕೆಂಡ್ ಕೈಕೊಟ್ಟರೂ ವಿಮಾನ ಒಂದು ಮೀಟರಿಗಿಂತ ಜಾಸ್ತಿ ಕೆಳಗೆ ಬಿದ್ದಿರುತ್ತದೆ.

ಅದಕ್ಕೇ ಈ ವಿಮಾನಗಳ ಎಂಜಿನ್ ಬಗ್ಗೆ ಮಾತಾಡುವಾಗ "ಎಷ್ಟು ಎಚ್‌ಪಿ?" ಅನ್ನುವ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. 100 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಹತ್ತು ಎಚ್‌ಪಿ ಆಸುಪಾಸು ಕೊಡುತ್ತದೆ. ಇಷ್ಟು ಬಲಕ್ಕೆ ಅದರ ತೂಕ ಸುಮಾರು ಎರಡೂವರೆ ಕಿಲೋ ಮಾತ್ರ. ಸರಿಯಾದ ಪ್ರೊಪೆಲ್ಲರ್ ಹಾಕಿದರೆ ವಿಮಾನದ ತೂಕದ ಎರಡರಷ್ಟು ಎಳೆತ ಬರುತ್ತದೆ. ಅಂದರೆ ಬಲಕ್ಕೇನೂ ಕೊರತೆ ಇಲ್ಲ. ಆ ಬಲ ಕೇಳಿದ ಕ್ಷಣದಲ್ಲಿ, ಕೇಳಿದಷ್ಟೇ ಪ್ರಮಾಣದಲ್ಲಿ, ವಿಮಾನ ಯಾವ ಭಂಗಿಯಲ್ಲಿದ್ದರೂ ಸಿಗುತ್ತದೆಯೇ ಅನ್ನುವುದೇ ಮುಖ್ಯ. ನನ್ನ ಪ್ರಕಾರ ಏರೋಬ್ಯಾಟಿಕ್ಸ್‌ನಲ್ಲಿ, ಅಂದರೆ ಗಾಳಿಯಲ್ಲಿ ಕಸರತ್ತು ಮಾಡುವ ಹಾರಾಟದಲ್ಲಿ, ಎಂಜಿನ್‌ನ ಪರ್ಫಾರ್ಮೆನ್ಸ್ ಅಂದರೆ ಇದೇ.

ಈ ವಿಮಾನಗಳಲ್ಲಿ ಹೆಚ್ಚಾಗಿ ಇರುವುದು ಪೆಟ್ರೋಲ್ ಕುಡಿಯುವ ಟೂ-ಸ್ಟ್ರೋಕ್ ಎಂಜಿನ್. ಡೆಸರ್ಟ್ ಏರ್‌ಕ್ರಾಫ್ಟ್, 3ಡಬ್ಲ್ಯೂ, ಡಿಎಲ್‌ಇ ಹೀಗೆ ಹಲವರು ಇದನ್ನು ತಯಾರಿಸುತ್ತಾರೆ. 50 ಸಿಸಿವರೆಗೆ ಸಾಮಾನ್ಯವಾಗಿ ಒಂದೇ ಸಿಲಿಂಡರ್. 100 ಸಿಸಿ ಮತ್ತು ಅದಕ್ಕೂ ದೊಡ್ಡದಾದರೆ ಎದುರುಬದುರಾಗಿ ಮಲಗಿದ ಎರಡು ಸಿಲಿಂಡರ್. ಎರಡೂ ಪಿಸ್ಟನ್ ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತವೆ, ಒಟ್ಟಿಗೇ ಸಿಡಿಯುತ್ತವೆ. ಒಂದರ ಒದೆತವನ್ನು ಇನ್ನೊಂದು ಬಹುಪಾಲು ರದ್ದು ಮಾಡುವುದರಿಂದ ನಡುಕ ತುಂಬಾ ಕಡಿಮೆ. ಹಗುರ ಮರದ ವಿಮಾನಕ್ಕೆ ಇದು ದೊಡ್ಡ ಉಪಕಾರ.

ಪ್ರೊಪೆಲ್ಲರ್ ಹಾಕಿದ ಮೇಲೇ ಲೆಕ್ಕ ಶುರು

ಎಂಜಿನ್ ತಿರುಗಿಸುತ್ತದೆ ಅಷ್ಟೆ. ವಿಮಾನವನ್ನು ಎಳೆಯುವುದು ಪ್ರೊಪೆಲ್ಲರ್. ಅದರ ಮೇಲೆ 27×10 ಅಂತ ಬರೆದಿದ್ದರೆ ವ್ಯಾಸ 27 ಇಂಚು, ಪಿಚ್ 10 ಇಂಚು. ಜಾರದೆ ತಿರುಗಿದರೆ ಒಂದು ಸುತ್ತಿಗೆ 10 ಇಂಚು ಮುಂದೆ ಹೋಗಬೇಕು ಅಂತ ಲೆಕ್ಕ. ಪಿಚ್ ಬೈಕಿನ ಗೇರ್ ಇದ್ದ ಹಾಗೆ. ಕಡಿಮೆ ಇದ್ದರೆ ಎಳೆತ ಜೋರು ಆದರೆ ವೇಗ ಕಡಿಮೆ, ಜಾಸ್ತಿ ಇದ್ದರೆ ಉಲ್ಟಾ. 10 ಇಂಚು ಪಿಚ್‌ನ ಪ್ರೊಪೆಲ್ಲರ್ ನಿಮಿಷಕ್ಕೆ 6500 ಸುತ್ತು ತಿರುಗಿದರೆ ಲೆಕ್ಕದ ವೇಗ ಗಂಟೆಗೆ ಸುಮಾರು 99 ಕಿಲೋಮೀಟರ್. ಏರೋಬ್ಯಾಟಿಕ್ ವಿಮಾನಕ್ಕೆ ಇದು ಧಾರಾಳವಾಗಿ ಸಾಕು.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಒಂದೇ ಪ್ರೊಪೆಲ್ಲರ್‌ನಲ್ಲಿ ಎಳೆತ ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರ) ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದಕ್ಕೆ ಬೇಕಾದ ಪವರ್ ಮಾತ್ರ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರುತ್ತದೆ. ಆರ್‌ಪಿಎಂ ಶೇಕಡಾ 10 ಏರಿಸಿದರೆ ಎಳೆತ ಶೇಕಡಾ 21 ಜಾಸ್ತಿ, ಆದರೆ ಎಂಜಿನ್ ಶೇಕಡಾ 33 ಹೆಚ್ಚು ದುಡಿಯಬೇಕು. ಹಾಗಾಗಿ 200 ಆರ್‌ಪಿಎಂ ಜಾಸ್ತಿ ಸಿಕ್ಕಿತು ಅಂದರೆ ಕಾಣುವಷ್ಟು ಚಿಕ್ಕ ವಿಷಯವಲ್ಲ ಅದು. ಹಾಗೇ 27 ತೆಗೆದು 28 ಇಂಚಿನದು ಹಾಕಿದರೆ ಏನಾಗುತ್ತದೆ? ಎಂಜಿನ್ ಕೊಡುವ ಪವರ್ ಅಷ್ಟೇ ಇದ್ದರೆ, ನಿಂತಲ್ಲಿನ ಎಳೆತ ಏರುವುದು ಬರೀ ಎರಡು ಮೂರು ಶೇಕಡಾ. ಆರ್‌ಪಿಎಂ ಮಾತ್ರ ಸುಮಾರು 300 ಇಳಿಯುತ್ತದೆ. ಆ ಇಳಿಕೆಯಲ್ಲಿ ಎಂಜಿನ್ ತನ್ನ ಒಳ್ಳೆಯ ವೇಗದಿಂದ ಕೆಳಗೆ ಜಾರಿದರೆ, ಸಿಕ್ಕ ಲಾಭ ಅಲ್ಲೇ ಕರಗಿಹೋಗುತ್ತದೆ.

ಹಾಗಿದ್ದರೂ ಹೋವರ್ ಪ್ರಿಯರು ದೊಡ್ಡ ವ್ಯಾಸವನ್ನೇ ಯಾಕೆ ಇಷ್ಟಪಡುತ್ತಾರೆ? ದೊಡ್ಡ ಪ್ರೊಪೆಲ್ಲರ್‌ನ ಗಾಳಿ ಬಾಲದಲ್ಲಿ ವಿಮಾನದ ದಿಕ್ಕು ಬದಲಿಸುವ ದೊಡ್ಡ ರಡ್ಡರ್, ಎಲಿವೇಟರ್‌ಗಳ ಹೆಚ್ಚು ಭಾಗಕ್ಕೆ ಬಡಿಯುತ್ತದೆ. ವಿಮಾನ ನಿಂತಲ್ಲೇ ನಿಂತಾಗ ಹಿಡಿತ ಸಿಗುವುದು ಆ ಗಾಳಿಯಿಂದಲೇ. ಥ್ರಾಟಲ್ ತೆಗೆದಾಗ ಅದೇ ಪ್ರೊಪೆಲ್ಲರ್ ಬ್ರೇಕ್ ಥರ ಕೆಲಸ ಮಾಡಿ ಕೆಳಮುಖ ಹಾರಾಟದಲ್ಲಿ ವೇಗ ಮಿತಿಮೀರದಂತೆ ನೋಡಿಕೊಳ್ಳುತ್ತದೆ. ಆದರೆ ತುದಿಯ ವೇಗ ನೆನಪಿರಲಿ. 28 ಇಂಚಿನದು 6500ರಲ್ಲಿ ತಿರುಗಿದರೆ ತುದಿ ಸೆಕೆಂಡಿಗೆ ಸುಮಾರು 240 ಮೀಟರ್ ಓಡುತ್ತಿರುತ್ತದೆ, ಅಂದರೆ ಶಬ್ದದ ವೇಗದ ಮುಕ್ಕಾಲು ಪಾಲಿನ ಹತ್ತಿರ. ಅಲ್ಲಿಂದ ಮೇಲೆ ಸದ್ದು ತೀರಾ ಜೋರಾಗುತ್ತದೆ. ಐಮ್ಯಾಕ್ ಅನ್ನುವ ಮಾದರಿ ವಿಮಾನಗಳ ಏರೋಬ್ಯಾಟಿಕ್ ಸ್ಪರ್ಧೆಗಳಲ್ಲಿ ಸದ್ದಿಗೂ ಅಂಕ ಇದೆ.

ಇನ್ನೊಂದು ವಿಷಯ ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಬಿಸಿ ದಿನದಲ್ಲಿ ಅಥವಾ ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿರುತ್ತದೆ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 9 ಕಡಿಮೆ. 15 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಲು ಏರಿದರೆ ಇನ್ನೊಂದು 5 ಶೇಕಡಾ ಹೋಯಿತು. ಎಂಜಿನ್‌ಗೆ ಸಿಗುವ ಗಾಳಿ ಕಡಿಮೆ, ಬಲವೂ ಕಡಿಮೆ. ಆದರೆ ಪ್ರೊಪೆಲ್ಲರ್ ಕಡೆಯಬೇಕಾದ ಗಾಳಿಯೂ ಅಷ್ಟೇ ತೆಳು, ಹಾಗಾಗಿ ಹೊರೆಯೂ ಕಡಿಮೆ. ಎರಡೂ ಒಟ್ಟಿಗೆ ಇಳಿಯುವುದರಿಂದ ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಹೆಚ್ಚುಕಡಿಮೆ ಅದೇ ಅಂಕಿ ತೋರಿಸುತ್ತದೆ! ಎಳೆತ ಮಾತ್ರ ಶೇಕಡಾ 10ಕ್ಕೂ ಜಾಸ್ತಿ ಕರಗಿಹೋಗಿರುತ್ತದೆ. "ಆರ್‌ಪಿಎಂ ಸರಿಯಾಗೇ ಇದೆ, ಆದರೂ ವಿಮಾನ ಯಾಕೋ ಎಳೀತಿಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಎಂಜಿನ್ ಬಿಚ್ಚುವ ಮೊದಲು ಅವತ್ತಿನ ಬಿಸಿಲು ನೋಡಿ.

ಕಾರ್ಬುರೇಟರ್ ಅನ್ನುವ ಚಿಕ್ಕ ಲೋಹದ ಪೆಟ್ಟಿಗೆ

ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವುದು ಕಾರ್ಬುರೇಟರ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ಎಂಜಿನ್‌ಗಳ ಸಮಸ್ಯೆಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಲ್ಲೇ, ಬಗೆಹರಿಯುವುದೂ ಇಲ್ಲೇ.

ಇವುಗಳಲ್ಲಿ ಇರುವುದು ಡಯಾಫ್ರಮ್ ಕಾರ್ಬುರೇಟರ್, ಹೆಚ್ಚಾಗಿ ವಾಲ್ಬ್ರೋ ಮಾದರಿಯದು. ಮರ ಕೊಯ್ಯುವ ಚೈನ್‌ಸಾದಲ್ಲಿ ಇರುವುದೂ ಇದೇ ಜಾತಿ. ಚೈನ್‌ಸಾವನ್ನು ಅಡ್ಡ, ಉಲ್ಟಾ ಹೇಗೆ ಹಿಡಿದರೂ ಓಡಬೇಕು, ಅಲ್ವಾ? ವಿಮಾನಕ್ಕೂ ಬೇಕಾದದ್ದು ಅದೇ ಗುಣ. ಬೈಕಿನ ಕಾರ್ಬುರೇಟರ್‌ನಲ್ಲಿರುವಂಥ ಫ್ಲೋಟ್ ಇದರಲ್ಲಿ ಇಲ್ಲ. ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಕೋಣೆ) ಒಳಗಿನ ಒತ್ತಡ ಪ್ರತಿ ಸುತ್ತಿಗೂ ಏರಿಳಿಯುತ್ತದೆ. ಆ ಮಿಡಿತ ಒಂದು ತೆಳು ಪೊರೆಯನ್ನು ಅಲುಗಿಸಿ ಪಂಪ್ ಥರ ಪೆಟ್ರೋಲ್ ಎಳೆಯುತ್ತದೆ. ವಿಮಾನ ನೆಟ್ಟಗೆ ಮೇಲೇರುವಾಗ ಟ್ಯಾಂಕ್ ಎಂಜಿನ್‌ಗಿಂತ ಕೆಳಗಿದ್ದರೂ ಪೆಟ್ರೋಲ್ ಬರುವುದು ಇದರಿಂದ. ಇನ್ನೊಂದು ಪೊರೆ, ಮೀಟರಿಂಗ್ ಡಯಾಫ್ರಮ್, ಎಷ್ಟು ಬೇಕೋ ಅಷ್ಟನ್ನೇ ಒಳಗೆ ಬಿಡುತ್ತದೆ. ಅದರ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಹೊರಗಿನ ಗಾಳಿ. ಎಂಜಿನ್ ಪೆಟ್ರೋಲ್ ಹೀರಿದಾಗ ಪೊರೆ ಒಳಗೆ ಬಾಗಿ, ಪುಟ್ಟ ಲಿವರ್ ಒತ್ತಿ, ಬಾಗಿಲು ತೆರೆಯುತ್ತದೆ.

ಹೊರಗೆ ಎರಡು ಸ್ಕ್ರೂ ಕಾಣುತ್ತವೆ. ಒಂದು ಕಡಿಮೆ ಥ್ರಾಟಲ್‌ಗೆ ಪೆಟ್ರೋಲ್ ಹೊಂದಿಸುವ ಲೋ ನೀಡಲ್, ಇನ್ನೊಂದು ಪೂರ್ತಿ ಥ್ರಾಟಲ್‌ಗೆ ಹೊಂದಿಸುವ ಹೈ ನೀಡಲ್. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಅಂದರೆ ಲೀನ್. ಎಡಕ್ಕೆ ತಿರುಗಿಸಿದರೆ ಜಾಸ್ತಿ, ಅಂದರೆ ರಿಚ್. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7ರಷ್ಟು ಗಾಳಿ ಬೇಕು. ಆದರೆ ಅತಿ ಹೆಚ್ಚು ಪವರ್ ಬರುವುದು ಅದಕ್ಕಿಂತ ತುಸು ರಿಚ್ ಆದಾಗ, ಸುಮಾರು 12.5ರಿಂದ 13ರ ನಡುವೆ. ಲೀನ್ ಆದರೆ ಸಿಲಿಂಡರ್ ಬಿಸಿಯಾಗುತ್ತದೆ. ಜೊತೆಗೆ ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲ್ ಕೂಡ ಕಡಿಮೆ. ಬಿಸಿಯೂ ಜಾಸ್ತಿ, ಆಯಿಲೂ ಕಡಿಮೆ. ಪಿಸ್ಟನ್ ಗೀಚುವುದಕ್ಕೆ ಇನ್ನೇನು ಬೇಕು?

ಟ್ಯೂನಿಂಗ್ ಕ್ರಮ ಹೀಗೆ. ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಮೊದಲಿಗೆ ಲೋ ನೀಡಲ್. ಐಡಲ್‌ನಿಂದ (ಎಂಜಿನ್ ಆರದೆ ತೀರಾ ನಿಧಾನವಾಗಿ ಓಡುವ ಸ್ಥಿತಿಯಿಂದ) ಥ್ರಾಟಲ್ ಪಟ್ಟನೆ ಕೊಟ್ಟಾಗ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ತಡೆದರೆ ಅಥವಾ ನಿಂತೇಹೋದರೆ ಲೋ ಲೀನ್ ಆಗಿದೆ. ಗೊರಗೊರ ಅಂದು, ಹೊಗೆ ಉಗುಳಿ, ಆಮೇಲೆ ವೇಗ ಹಿಡಿದರೆ ರಿಚ್ ಆಗಿದೆ. ಆಮೇಲೆ ಹೈ ನೀಡಲ್. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಎಲ್ಲಿ ತುದಿ ಮುಟ್ಟುತ್ತದೋ ನೋಡಿಕೊಂಡು, ಅಲ್ಲಿಂದ 100–200 ಆರ್‌ಪಿಎಂ ಇಳಿಯುವಷ್ಟು ರಿಚ್ ಮಾಡಿ ಬಿಡಬೇಕು. ಪ್ರತಿ ಸಲ ಸ್ಕ್ರೂ ತಿರುಗಿಸುವುದು ಒಂದು ಸುತ್ತಿನ ಎಂಟನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಕೊನೆಗೆ ಲೋ ಮತ್ತೆ ಪರೀಕ್ಷಿಸಬೇಕು. ಯಾಕೆಂದರೆ ಲೋ ನೀಡಲ್‌ನ ಪೆಟ್ರೋಲ್ ಪೂರ್ತಿ ಥ್ರಾಟಲ್‌ನಲ್ಲೂ ಬರುತ್ತಲೇ ಇರುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ.

ಆ 100–200 ಆರ್‌ಪಿಎಂ ಯಾಕೆ ಬಿಟ್ಟುಕೊಡಬೇಕು? ನೆಲದ ಮೇಲೆ ಪ್ರೊಪೆಲ್ಲರ್‌ಗೆ ಹೊರೆ ಜಾಸ್ತಿ. ವಿಮಾನ ವೇಗ ಹಿಡಿದಾಗ ಹೊರೆ ಇಳಿದು ಎಂಜಿನ್ ನೂರಾರು ಆರ್‌ಪಿಎಂ ಮೇಲೇರುತ್ತದೆ. ನೆಲದಲ್ಲೇ ಆರ್‌ಪಿಎಂನ ತುದಿಗೆ ಹೊಂದಿಸಿದ ಎಂಜಿನ್ ಗಾಳಿಯಲ್ಲಿ ಲೀನ್ ಕಡೆ ಜಾರುತ್ತದೆ. ಹೋವರ್‌ನಲ್ಲಿ ಮಾತ್ರ ವಿಮಾನ ಮುಂದೆ ಹೋಗುವುದೇ ಇಲ್ಲ, ಹೊರೆ ನೆಲದ ಮೇಲಿದ್ದಷ್ಟೇ. ಒಂದೇ ಹಾರಾಟದಲ್ಲಿ ಎಂಜಿನ್ ಈ ಎರಡೂ ಸ್ಥಿತಿಗಳನ್ನು ದಾಟಬೇಕು.

ಹೋವರ್ ಮಾಡುವವರಿಗೆ ಎರಡೂ ನೀಡಲ್‌ಗಳ ನಡುವಿನ ಜಾಗ ಇನ್ನೂ ಮುಖ್ಯ. ಹೋವರ್ ನಡೆಯುವುದು ಸುಮಾರು ಅರ್ಧ ಥ್ರಾಟಲ್‌ನಲ್ಲಿ. ಅಲ್ಲಿ ಎಂಜಿನ್ ಬಡಬಡ ಅಂತ ಒಂದು ಸುತ್ತು ಬಿಟ್ಟು ಒಂದು ಸುತ್ತು ಸಿಡಿಯುತ್ತಿದ್ದರೆ ಮಿಶ್ರಣ ರಿಚ್ ಆಗಿದೆ. ಇದನ್ನು ಸರಿಮಾಡುವುದು ಹೆಚ್ಚಾಗಿ ಲೋ ನೀಡಲ್, ಹೈ ಅಲ್ಲ. ಇಲ್ಲಿ ಹೈ ನೀಡಲ್ ತಿರುಗಿಸುತ್ತಾ ಕೂತರೆ ಬಡಬಡ ಹೋಗುವುದಿಲ್ಲ, ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ಎಂಜಿನ್ ಲೀನ್ ಆಗಿ ಕೂರುತ್ತದೆ. ಇನ್ನೊಂದು ಕಿರಿಕಿರಿ, ತುಂಬಾ ಹೊತ್ತು ಐಡಲ್‌ನಲ್ಲಿ ಇಳಿದು ಬಂದಾಗ ಕ್ರ್ಯಾಂಕ್‌ಕೇಸ್‌ನಲ್ಲಿ ಪೆಟ್ರೋಲ್ ನಿಂತುಬಿಡುವುದು. ಥ್ರಾಟಲ್ ಕೊಟ್ಟ ತಕ್ಷಣ ಅದೆಲ್ಲ ಒಟ್ಟಿಗೆ ಮೇಲೆ ಬಂದು ಎಂಜಿನ್ ಕೆಮ್ಮುತ್ತದೆ. ಕೆಳಮುಖ ಗೆರೆ (ಮೂಗು ಕೆಳಗೆ ಮಾಡಿ ನೇರ ಇಳಿಯುವುದು) ಮುಗಿಸಿ ವಿಮಾನ ಎತ್ತಬೇಕಾದ ಕ್ಷಣದಲ್ಲೇ ಹೀಗಾದರೆ ಎದೆ ಝಲ್ ಅನ್ನುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಒಂದು ಚಿಕ್ಕ ತೂತಿನ ಬಗ್ಗೆ. ಮೀಟರಿಂಗ್ ಡಯಾಫ್ರಮ್ ಮುಚ್ಚಿರುವ ತಗಡಿನ ನಡುವೆ ಗುಂಡುಸೂಜಿ ತಲೆಯಷ್ಟು ದೊಡ್ಡ ತೂತು ಇರುತ್ತದೆ. ಪೊರೆಯ ಆಚೆ ಬದಿಗೆ ಹೊರಗಿನ ಗಾಳಿ ತಲುಪುವ ದಾರಿ ಅದು. ಎಂಜಿನ್ ಮುಚ್ಚಳವಿಲ್ಲದೆ ಬಯಲಲ್ಲಿದ್ದರೆ ಯಾವ ತೊಂದರೆಯೂ ಇಲ್ಲ. ವಿಮಾನದ ಮೂಗಿನ ಕೌಲ್ (ಎಂಜಿನ್ ಮುಚ್ಚುವ ಕವಚ) ಹಾಕಿ ಹಾರಿಸಿದಾಗ ಒಳಗಿನ ಒತ್ತಡ ವಿಮಾನದ ವೇಗದ ಜೊತೆ ಬದಲಾಗುತ್ತದೆ. ಗಾಳಿ ಆ ತೂತಿಗೆ ನೇರವಾಗಿ ಬಡಿದರೆ ಪೊರೆ ಒಳಗೆ ಒತ್ತಿ ಮಿಶ್ರಣ ರಿಚ್ ಆಗುತ್ತದೆ. ಅಲ್ಲಿ ಒತ್ತಡ ಇಳಿದರೆ ಲೀನ್ ಆಗುತ್ತದೆ. ನೆಲದ ಮೇಲೆ ಗಡಿಯಾರದಂತೆ ಓಡುವ ಎಂಜಿನ್ ಗಾಳಿಯಲ್ಲಿ ಮಾತ್ರ ಯಾಕೆ ಸತಾಯಿಸುತ್ತದೆ ಅಂತ ಎಷ್ಟು ನೀಡಲ್ ತಿರುಗಿಸಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ತಪ್ಪು ನೀಡಲ್‌ನದಲ್ಲ. ಪರಿಹಾರ ಸುಲಭ. ಆ ತಗಡಿಗೆ ತೂತಿನ ಮೇಲೆ ಒಂದು ಸಣ್ಣ ಹಿತ್ತಾಳೆ ಕೊಳವೆ ಬೆಸುಗೆ ಹಾಕಿ, ಅದಕ್ಕೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ವಿಮಾನದ ಹೊಟ್ಟೆಯೊಳಗೆ ಗಾಳಿ ಅಲುಗದ ಜಾಗದಲ್ಲಿ ಬಿಡುವುದು. ಬೆಸುಗೆ ಹಾಕುವಾಗ ತಗಡನ್ನು ಕಾರ್ಬುರೇಟರ್‌ನಿಂದ ಬಿಚ್ಚಿರಬೇಕು, ಪೊರೆ ಹತ್ತಿರವೂ ಇರಬಾರದು.

ಪೊರೆಗಳಿಗೂ ವಯಸ್ಸಾಗುತ್ತದೆ. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೆ ಗಡುಸಾಗುತ್ತವೆ. ಒಳಗಿನ ಪುಟ್ಟ ಜಾಲರಿಯಲ್ಲಿ ಕಸ ಕೂರುತ್ತದೆ. ಹಳೆಯ ಎಂಜಿನ್ ದಿನೇದಿನೇ ಲೀನ್ ಆಗುತ್ತಾ, ನೀಡಲ್ ಎಡಕ್ಕೆ ತಿರುಗಿಸುತ್ತಲೇ ಹೋಗಬೇಕಾದರೆ ಮೊದಲು ಜಾಲರಿ ನೋಡಿ, ಆಮೇಲೆ ಪೊರೆ ಬದಲಿಸಿ.

ಅರ್ಧ ಥ್ರಾಟಲ್ ಅಂದರೆ ಅರ್ಧ ಬಲ ಅಲ್ಲ

ಕಾರ್ಬುರೇಟರ್‌ನ ಗಂಟಲಲ್ಲಿ ಗಾಳಿ ತಡೆಯುವುದು ಒಂದು ದುಂಡನೆಯ ತಗಡು, ಬಟರ್‌ಫ್ಲೈ. ಅದು ಅರ್ಧ ತಿರುಗುವ ಹೊತ್ತಿಗೆ ಗಾಳಿಯ ದೊಡ್ಡ ಪಾಲು ಒಳಗೆ ನುಗ್ಗಿಯಾಗಿರುತ್ತದೆ. ಉಳಿದರ್ಧ ತಿರುಗಿಸಿದರೆ ಹೆಚ್ಚೇನೂ ಬರುವುದಿಲ್ಲ. ಹಾಗಾಗಿ ರಿಮೋಟ್‌ನ ಥ್ರಾಟಲ್ ಸ್ಟಿಕ್‌ನ ಕೆಳಗಿನ ಅರ್ಧದಲ್ಲಿ ಎಂಜಿನ್ ಚುರುಕು, ಮೇಲಿನ ಅರ್ಧದಲ್ಲಿ ಮಂದ. ಹೋವರ್‌ನಲ್ಲಿ ವಿಮಾನ ಯೋಯೋ ಥರ ಮೇಲೆ ಕೆಳಗೆ ಆಡುತ್ತಿದ್ದರೆ ಪೈಲಟ್‌ನ ಕೈ ಬೈಯುವ ಮೊದಲು ಇದನ್ನು ನೋಡಬೇಕು. ಟ್ರಾನ್ಸ್‌ಮಿಟರ್‌ನಲ್ಲಿ, ಅಂದರೆ ಆ ರಿಮೋಟ್‌ನಲ್ಲಿ, ಥ್ರಾಟಲ್ ಕರ್ವ್ ಅಂತ ಇರುತ್ತದೆ. ಅದರ ನಡುವಿನ ಬಿಂದುಗಳನ್ನು ಕೆಳಗಿಳಿಸಿ, ಸ್ಟಿಕ್ ಎಷ್ಟು ಸರಿಸಿದರೆ ಆರ್‌ಪಿಎಂ ಅಷ್ಟಷ್ಟೇ ಏರುವಂತೆ ಹೊಂದಿಸಬಹುದು. ಖರ್ಚಿಲ್ಲದ ಕೆಲಸ. ಇದರಿಂದ ಆಗುವ ಅನುಕೂಲ ಹೊಸ ಎಂಜಿನ್ ಹಾಕಿದರೂ ಆಗುವುದಿಲ್ಲ ಅಂತ ನಾನು ನಂಬಿದ್ದೇನೆ.

ಹೊಗೆ ಹೋಗುವ ದಾರಿ

ಟೂ-ಸ್ಟ್ರೋಕ್‌ನಲ್ಲಿ ಒಂದು ಹುಟ್ಟುಗುಣ ಇದೆ. ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತದೆ, ಅದರಲ್ಲಿ ಸ್ವಲ್ಪ ಹೊಗೆಯ ಜೊತೆಗೇ ಹೊರಗೆ ಓಡಿಹೋಗುತ್ತದೆ. ಟ್ಯೂನ್ಡ್ ಪೈಪ್ ಅನ್ನುವ ವಿಶೇಷ ಹೊಗೆ ಕೊಳವೆ ಮಾಡುವುದು ಇದನ್ನು ವಾಪಸ್ ತಳ್ಳುವ ಕೆಲಸ. ಎಕ್ಸಾಸ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಪೈಪಿನ ಕೊನೆಯ ಶಂಕುವಿಗೆ ಬಡಿದು ಹಿಂದಿರುಗಿ, ಬಾಗಿಲು ಮುಚ್ಚುವ ಚೂರು ಮೊದಲು ಬಂದು, ಹೊರಬಿದ್ದ ಮಿಶ್ರಣವನ್ನು ಒಳಗೆ ಒತ್ತುತ್ತದೆ. 6500 ಆರ್‌ಪಿಎಂನಲ್ಲಿ ಒಂದು ಇಡೀ ಸುತ್ತಿಗೆ ಸಿಗುವುದೇ 9 ಮಿಲಿಸೆಕೆಂಡ್ ಚಿಲ್ಲರೆ. ಎಕ್ಸಾಸ್ಟ್ ತೆರೆದಿರುವುದು ಅದರ ಅರ್ಧಕ್ಕೂ ಕಡಿಮೆ ಹೊತ್ತು. ಅಲೆ ಅಷ್ಟರಲ್ಲಿ ಹೋಗಿ ಬರಬೇಕು. ಅದಕ್ಕೇ ಪೈಪಿನ ಉದ್ದ ಅಷ್ಟು ಮುಖ್ಯ. ಉದ್ದ ಮಾಡಿದರೆ ಕಡಿಮೆ ಆರ್‌ಪಿಎಂನಲ್ಲಿ ಲಾಭ, ಗಿಡ್ಡ ಮಾಡಿದರೆ ಹೆಚ್ಚಿನ ಆರ್‌ಪಿಎಂನಲ್ಲಿ. ಪ್ರೊಪೆಲ್ಲರ್ ಬದಲಿಸಿದರೆ ಪೈಪಿನ ಲೆಕ್ಕವೂ ಬದಲಾಗುತ್ತದೆ.

ಪೈಪ್‌ನಿಂದ ಸಾಮಾನ್ಯವಾಗಿ ಕೆಲವು ನೂರು ಆರ್‌ಪಿಎಂ ಸಿಗುತ್ತದೆ. ಆದರೆ ಅದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ ಜೋರು, ಕೆಳಗಿನಿಂದ ಆ ವೇಗಕ್ಕೆ ಏರುವಾಗ ಬಲ ಒಮ್ಮೆಲೇ ಬಂದಂತಾಗಬಹುದು. ಅದಕ್ಕೇ ಹೋವರ್ ಜಾಸ್ತಿ ಮಾಡುವವರಲ್ಲಿ ಹಲವರು ಡಬ್ಬಿಯಂಥ ಕ್ಯಾನಿಸ್ಟರ್ ಸೈಲೆನ್ಸರ್ ಆರಿಸುತ್ತಾರೆ. ಸದ್ದು ಕಡಿಮೆ, ಬಲ ಸಲೀಸಾಗಿ ಏರುತ್ತದೆ. ನನ್ನ ಮತವೂ ಅದಕ್ಕೇ.

ಗಾಳಿ ಒಳಗೆ ಬಂದರೆ ಸಾಲದು

ಮೂಗಿನಲ್ಲಿ ದೊಡ್ಡ ತೆರಪು ಇದ್ದ ಮಾತ್ರಕ್ಕೆ ಎಂಜಿನ್ ತಣ್ಣಗಿರುವುದಿಲ್ಲ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಸಿಲಿಂಡರ್‌ನ ಪಕ್ಕದಿಂದ ಹಾದು ಹೋಗಿಬಿಡುತ್ತದೆ. ಸಿಲಿಂಡರ್ ಮೈಮೇಲಿನ ತೆಳು ಲೋಹದ ಫಿನ್‌ಗಳ ಸಂದಿಯಲ್ಲೇ ನುಗ್ಗಿ ಹೋಗುವಂತೆ ತೆಳು ಹಲಗೆಯಿಂದ ಬ್ಯಾಫಲ್ (ಗಾಳಿಗೆ ತಡೆಗೋಡೆ) ಕಟ್ಟಬೇಕು, ಸಿಲಿಂಡರ್ ಸುತ್ತ ಬೆರಳು ಹೋಗದಷ್ಟು ಹತ್ತಿರ. ಬಿಸಿ ಗಾಳಿ ಹಿಗ್ಗುತ್ತದೆ, ಹಾಗಾಗಿ ಹೊರಹೋಗುವ ತೆರಪು ಒಳಬರುವುದರ ಎರಡರಿಂದ ಮೂರರಷ್ಟು ಇರಬೇಕು. ಕ್ಯಾನಿಸ್ಟರ್ ಇರುವ ಹೊಟ್ಟೆಯ ಸುರಂಗಕ್ಕೂ ಗಾಳಿ ಬೇಕು, ಇಲ್ಲದಿದ್ದರೆ ಒಳಗಿನ ಅಂಟು ಬಿಡುತ್ತದೆ.

ಹೋವರ್‌ನಲ್ಲಿ ವಿಮಾನ ಮುಂದೆ ಹೋಗದ ಕಾರಣ ಪ್ರೊಪೆಲ್ಲರ್ ಗಾಳಿಯೊಂದೇ ಗತಿ. ಆ ಗಾಳಿ ಸುರುಳಿಯಾಗಿ ಬರುವುದರಿಂದ ಎಡ, ಬಲ ಸಿಲಿಂಡರ್‌ಗಳಿಗೆ ಸಮ ಪಾಲು ಸಿಗುವುದಿಲ್ಲ. ಎರಡೂ ಸಿಲಿಂಡರ್‌ಗೆ ಟೆಲಿಮೆಟ್ರಿಯ (ಹಾರುತ್ತಿರುವಾಗಲೇ ರಿಮೋಟ್‌ಗೆ ಅಂಕಿ ಕಳಿಸುವ) ಉಷ್ಣ ಸೆನ್ಸರ್ ಕಟ್ಟಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೀಡಲ್ ಎರಡಕ್ಕೂ ಒಂದೇ, ಹಾಗಾಗಿ ಒಂದು ಬದಿ ಬಿಸಿ ಜಾಸ್ತಿ ಇದ್ದರೆ ನೀಡಲ್ ಮುಟ್ಟಬೇಡಿ, ಬ್ಯಾಫಲ್ ಸರಿಮಾಡಿ.

ಇಂಧನದ ಬಗ್ಗೆ ಎರಡೇ ಮಾತು. ಆಯಿಲ್ ಅಳತೆ ತಯಾರಕರು ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ 32ಕ್ಕೆ 1ರಿಂದ 50ಕ್ಕೆ 1ರವರೆಗೆ. ಒಳ್ಳೆಯದಾಗಲಿ ಅಂತ ಆಯಿಲ್ ಜಾಸ್ತಿ ಸುರಿದರೆ ಆ ಜಾಗದಲ್ಲಿ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಆಗುತ್ತದೆ, ಆಗ ನೀಡಲ್ ಮತ್ತೆ ಹೊಂದಿಸಬೇಕು. ಹೊಸ ಎಂಜಿನ್‌ನ ಪಿಸ್ಟನ್ ರಿಂಗ್ ಕೂರಲು ಕೆಲವು ಲೀಟರ್ ಓಡಬೇಕು. ಅಲ್ಲಿಯವರೆಗೆ ಅದರ ಪೂರ್ತಿ ಬಲ ಕಾಣುವುದಿಲ್ಲ, ಟ್ಯೂನಿಂಗ್ ಕೂಡ ನಿಲ್ಲುವುದಿಲ್ಲ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಾರಿಸಿ ನೋಡಿ, ಅವತ್ತಿನ ಉಷ್ಣತೆಯ ಜೊತೆ ಬರೆದಿಡಿ. ಗಾಳಿಯಲ್ಲಿ ಮಾಡುವ ಪರೀಕ್ಷೆಯೂ ಸರಳ. ಸಾಕಷ್ಟು ಎತ್ತರದಲ್ಲಿ ಐಡಲ್‌ಗೆ ತಂದು ಉದ್ದನೆಯ ಕೆಳಮುಖ ಗೆರೆ, ಆಮೇಲೆ ಎತ್ತಿ ನೆಟ್ಟಗೆ ಮೇಲಕ್ಕೆ ಪೂರ್ತಿ ಥ್ರಾಟಲ್. ಎಂಜಿನ್ ಕೆಮ್ಮದೆ ಎದ್ದು, ಗೆರೆಯ ಕೊನೆವರೆಗೂ ಒಂದೇ ದನಿಯಲ್ಲಿ ಎಳೆದರೆ ಮಿಶ್ರಣ ಸರಿ ಇದೆ. ಮೇಲೇರುತ್ತಾ ದನಿ ತೆಳುವಾಗಿ ಕೀರಲಾದರೆ ಲೀನ್, ತಕ್ಷಣ ಥ್ರಾಟಲ್ ಇಳಿಸಿ ಇಳಿಯಿರಿ. ನೆಲದ ಮೇಲೆ ನೀಡಲ್ ತಿರುಗಿಸುವಾಗ ಎಂಜಿನ್ ಆರಿಸಿಯೇ ತಿರುಗಿಸಿ. ಓಡುತ್ತಿರುವ ಎಂಜಿನ್ ಪರೀಕ್ಷಿಸುವಾಗ ವಿಮಾನವನ್ನು ಬಾಲದ ಕಡೆ ಗಟ್ಟಿಯಾಗಿ ಕಟ್ಟಿರಬೇಕು, ನೀವು ಪ್ರೊಪೆಲ್ಲರ್‌ನ ಹಿಂದೆ ಇರಬೇಕು, ಅದು ತಿರುಗುವ ಸಾಲಿನಲ್ಲಿ ಯಾರೂ ನಿಂತಿರಬಾರದು. ಇಗ್ನಿಷನ್ ಕಟ್ ಮಾಡುವ ಸ್ವಿಚ್ ಟ್ರಾನ್ಸ್‌ಮಿಟರ್‌ನಲ್ಲಿ ಹೆಬ್ಬೆರಳಿಗೆ ಸಿಗುವ ಕಡೆಯೇ ಇರಲಿ, ಮತ್ತು ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಅದು ಕೆಲಸ ಮಾಡುತ್ತದೆಯೇ ಅಂತ ನೋಡಿಕೊಳ್ಳಿ.